ಧಾರೆ ಸೀರೆ ಮತ್ತು ಮುಳುಗಿದ ದೋಣಿ

ನಮ್ಮೂರಿನ ಮಾನಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುವುದಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿಲ್ಲ. ಶಾಲೆಯ ಮಾಸ್ತರನಾಗಿ ಮೂವತ್ತು ವರ್ಷ ಹುಡುಗರ ಸುಳ್ಳು ಕೇಳಿದವನು ನಾನು. ಎರಡನೇ ಇಯತ್ತೆಯವರು ಅವನಿಗಿಂತ ವಾಸಿ.

ಸುರಪುರದ ಕಡೆ ಕೃಷ್ಣೆಯ ದಂಡೆಯಲ್ಲಿ ನಮ್ಮೂರು. ನಡುಹೊಳೆಯಲ್ಲಿ ನಿಜಾಮರ ಕಾಲದ ದೊಡ್ಡ ದೋಣಿಯೊಂದು ಮುಳುಗಿ ಕೂತಿದೆ. ಅದು ಮುಳುಗಿದ ದಿನ ಹುಟ್ಟು ಹಾಕುತ್ತಿದ್ದವನು ಮಾನಪ್ಪನ ಅಜ್ಜ. ಜನವೆಲ್ಲ ಈಜಿ ಬದುಕಿದರು, ಆದರೆ ಅವನ ಮನೆತನಕ್ಕೆ ‘ದೋಣಿ ಮುಳುಗಿಸಿದವರು’ ಎಂಬ ಹೆಸರು ಅಂಟಿತು. ಲಗ್ನಪತ್ರಿಕೆ ಕೊಡಲು ಬಂದವರೂ ಹಾಗೆಂದೇ ಮನೆ ವಿಚಾರಿಸುತ್ತಾರೆ. ಮಾನಪ್ಪ ನಕ್ಕು ಬಿಡುತ್ತಾನೆ, ಆಮೇಲೆ ಊಟ ಮಾಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಪ್ರಾಚ್ಯವಸ್ತು ಇಲಾಖೆಯ ಸುಮಲತಾ ಮೇಡಂ ಬಂದು ಸಭೆ ಸೇರಿಸಿದರು. ಸಮುದ್ರದಲ್ಲಿ ಮುಳುಗಿದ ಹಡಗುಗಳ ಸುತ್ತ ಗಡಿ ಹಾಕಿ ಕಾಯುತ್ತಾರಂತೆ. ಇಲ್ಲಿಯೂ ದೋಣಿಯ ಸುತ್ತ ನೂರು ಮಾರು ದೂರ ಬಲೆ ಬಿಡುವಂತಿಲ್ಲ, ಲಂಗರು ಹಾಕುವಂತಿಲ್ಲ. ಹಲಗೆಯೂ ಉಳಿಯುತ್ತದೆ, ಅದರ ಸಂದಿಯಲ್ಲಿ ಮರಿ ಮಾಡುವ ಮೀನೂ ಉಳಿಯುತ್ತದೆ. ಕಾಯಲು ಊರಿನವರೇ ಒಬ್ಬರು ಬೇಕು.

ಮಾನಪ್ಪ ಎದ್ದು ನಿಂತ. “ನಮ್ಮ ಮುತ್ಯಾನ ದೋಣಿ ರೀ ಮೇಡಮ್ಮರ. ನಾ ಕಾಯ್ತೀನಿ. ಅದರ ಹತ್ತರ ನಾ ಒಂದಿನಾನೂ ಬಲಿ ಬಿಟ್ಟಿಲ್ಲ.”

“ನಾವೂ ಬಿಟ್ಟಿಲ್ರಿ,” ಎಂದ ಹಿಂದೆ ಕೂತಿದ್ದ ಭೀಮು, ಯಾರೂ ಕೇಳದಿದ್ದರೂ.

ಮಾನಪ್ಪನ ಬಲೆ ಎಂಟು ದಿನದಿಂದ ಅದೇ ದೋಣಿಗೆ ಸಿಕ್ಕಿಕೊಂಡಿತ್ತು. ಬಲೆ ಹೋದರೆ ಹೋಗಲಿ ಎನ್ನಬಹುದಿತ್ತು, ಅದನ್ನು ತೇಲಿಸುವ ಬೆಂಡಿಗೆ ಕಟ್ಟಿದ ಬಟ್ಟೆ ಸುಮ್ಮನಿರಬೇಕಲ್ಲ! ನಮ್ಮ ಬೆಸ್ತರಲ್ಲಿ ಹೊಸ ಬಲೆ ನೀರಿಗೆ ಇಳಿಯಬೇಕಾದರೆ ಮನೆಯಾಕೆ ತನ್ನ ಸೀರೆಯ ಚೂರೊಂದನ್ನು ಮೊದಲ ಬೆಂಡಿಗೆ ಕಟ್ಟಿ ಗಂಗಮ್ಮನಿಗೆ ಕೈ ಮುಗಿಯಬೇಕು. ಈ ಸಲ ಹೆಂಡತಿ ಶೇಖಮ್ಮ ಸಿಟ್ಟಾಗಿ ಚೂರು ಕೊಟ್ಟಿರಲಿಲ್ಲ. ಮಾನಪ್ಪ ಟ್ರಂಕು ತೆಗೆದು, ಕೈಗೆ ಸಿಕ್ಕ ಕೆಂಪು ಸೆರಗನ್ನು ಕತ್ತರಿಸಿದ. ಅದು ಅವಳ ಧಾರೆ ಸೀರೆ. ಅವಳು ಕೇಳಿದಾಗ ಇಲಿ ಕಡಿದಿದೆ ಎಂದ.

ಮರುದಿನ ಇಲಾಖೆಯ ಮುಳುಗುಗಾರರು ಹೊಳೆಗಿಳಿದರು. ದಂಡೆಯಲ್ಲಿ ಊರೇ ನೆರೆದಿತ್ತು. ಅವರು ಮೇಲೆ ಎಳೆದು ತಂದದ್ದು ಒಂದಲ್ಲ, ಆರು ಬಲೆ. ಗಂಡಸರೆಲ್ಲ ಒಮ್ಮೆಲೇ ಆಕಾಶ ನೋಡತೊಡಗಿದರು.

“ಯಾರವು ಇವು?” ಎಂದರು ಮೇಡಂ.

ಶೇಖಮ್ಮ ಮುಂದೆ ಬಂದು ಬೆಂಡುಗಳನ್ನು ಒಂದೊಂದಾಗಿ ತಿರುವಿದಳು. “ಇದು ಹಣಮಮ್ಮನ ಹಸರು ಸೀರಿ. ಇದು ಭೀಮುನ ಹೇಣ್ತಿ ಗಂಗಾಂದು, ಪಂಚಮಿಗೆ ಉಟ್ಟಿದ್ಳು...” ಆರನೆಯದಕ್ಕೆ ಬಂದು ನಿಂತಳು. ಕೆಂಪು ಸೆರಗು.

“ಇಲಿ ಅಂದ್ರಲ್ಲ!” ಎಂದು ಗಂಡನ ಕಡೆ ತಿರುಗಿದಳು. “ಹೊಳಿಯಾಗ ಈಸಾಡೋ ಇಲಿ ಏನ್ರಿ ಅದು?”

ಊರು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮಾನಪ್ಪ ಮಾತ್ರ ತಲೆ ತಗ್ಗಿಸಿ, “ಮುಳುಗಿಸಿದವರ ಮನಿ ಅನ್ನೋದು ಒಮ್ಮಿಯಾದ್ರೂ ಹೋಗ್ಲಿ ಅಂತಿದ್ದೆ,” ಎಂದ. ಅದೊಂದು ಮಾತು ಸುಳ್ಳಲ್ಲ ಎಂದು ನಮಗೆಲ್ಲ ಗೊತ್ತಾಯಿತು. ನಗು ನಿಂತಿತು.

ಮೇಡಂ ಶೇಖಮ್ಮನನ್ನೇ ನೋಡುತ್ತಿದ್ದರು. “ಎಲ್ಲರ ಬಲೆಯೂ ನಿಮಗೆ ಗುರುತು ಸಿಗುತ್ತೆ. ನೀವೇ ಯಾಕೆ ಕಾಯಬಾರದು?”

ಶೇಖಮ್ಮ ಗಂಡನ ಮುಖ ನೋಡಿದಳು. “ಕಾಯ್ತೀನ್ರಿ. ಆದ್ರ ನನಗ ಹುಟ್ಟು ಹಾಕಾಕ ಬರಂಗಿಲ್ಲ. ದೋಣಿ ಇವರೇ ನಡಸ್ಬೇಕು.”

ಮುಳುಗಿದ ದೋಣಿಯ ಸುತ್ತ ಗಡಿ ಗುರುತಿಗೆ ಬಿದಿರು ನೆಟ್ಟ ದಿನ ಅವಳು ಟ್ರಂಕಿನಿಂದ ಧಾರೆ ಸೀರೆಯನ್ನೇ ತಂದು ಪರ್ ಎಂದು ಹರಿದು, ಒಂದೊಂದು ಗಳಕ್ಕೆ ಒಂದೊಂದು ಚೂರು ಕಟ್ಟಿದಳು. ಹುಟ್ಟು ಹಿಡಿದು ಕೂತಿದ್ದ ಮಾನಪ್ಪನಿಗೆ ತಡೆಯಲಾಗಲಿಲ್ಲ.

“ಇಷ್ಟು ಚಲೋ ಸೀರಿ ಹರಿಬ್ಯಾಡ. ನೋಡಿದವರು ಏನಂದಾರು?”

“ಇಲಿ ಕಡದಾವ ಅನ್ರಿ,” ಎಂದಳು. “ಈಗ ದೋಣಿ ಕಾಯೋರ ಮನ್ಯಾವ್ರು ನೀವು. ನಂಬ್ತಾರ.”