ಗಾಜಿನಾಚೆಯ ದನಿ

ಕಬ್ಬಿನ ಕೂಳೆ ಚುಚ್ಚಿ ಅಕ್ಕವ್ವನ ಅಂಗಾಲಿಗಾದ ಗಾಯವು ಸಕ್ಕರೆ ಕಾಯಿಲೆಯ ದೆಸೆಯಿಂದ ಮಾಯಲೊಲ್ಲದೆ ಹೋಗಿತ್ತು. ಮಿರಜಿನ ಡಾಕ್ಟರರು ಪುಣೆಗೆ ಕಳುಹಿಸಿದರು. ಅಲ್ಲಿನ ಆಸ್ಪತ್ರೆಯಲ್ಲಿ, ಬೆಂಕಿಯ ಭಯಕ್ಕೆ ತಲೆಗೆ ಎಣ್ಣೆ ಹಚ್ಚಗೊಡದೆ, ಹತ್ತಿಯ ಅಂಗಿ ತೊಡಿಸಿ, ನಿತ್ಯವೂ ಆಕೆಯನ್ನು ಗಾಜಿನ ದೊಡ್ಡ ಕೊಳವೆಯೊಳಗೆ ಮಲಗಿಸುತ್ತಿದ್ದರು. ಗಾಯ ಬೇಗ ಮಾಯಲೆಂದು ಬಾಗಿಲು ಬಿಗಿದು ಒತ್ತಡದಲ್ಲಿ ಆಮ್ಲಜನಕ ತುಂಬುತ್ತಿದ್ದರು. ಹೊರಗೆ ಗಂಡ ರಾವಸಾಹೇಬ ಕೊಳವೆಗೆ ತಂತಿಯಿಂದ ಜೋಡಿಸಿದ ಫೋನು ಹಿಡಿದು ಕೂರುತ್ತಿದ್ದ. ಅವನ ದನಿ ಒಳಗೆ, ಆಕೆಯ ದನಿ ಹೊರಗೆ ಕೇಳುತ್ತಿತ್ತು.

ತಮ್ಮೂರು ಶಿರಗುಪ್ಪಿಯ ತುಂಬಿದ ಮನೆಯಲ್ಲಿ, ಹಿರಿಯರೆದುರು, ಅವನೆಂದೂ ಆಕೆಯೊಡನೆ ಕುಳಿತು ಮಾತಾಡಿದವನಲ್ಲ. ಇಲ್ಲಿ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ಎಮ್ಮೆಯ ಹಟ, ತಾನು ಸೋತ ಕುಸ್ತಿ, ಎಲ್ಲವನ್ನೂ ಹೇಳುತ್ತಿದ್ದ. ಗಾಯದಲ್ಲಿ ಹೊಸ ಮಾಂಸ ತುಂಬಿದಂತೆಲ್ಲ ಅಕ್ಕವ್ವನಿಗೆ ಊರಿನ ಹಂಬಲಕ್ಕಿಂತ ಈ ದನಿಯ ಹಂಬಲವೇ ಹೆಚ್ಚಾಯಿತು.

ಚಿಕಿತ್ಸೆಯ ಕಡೆಯ ದಿನ ಆಕೆ ಕೊಳವೆಯೊಳಗಿಂದ ಕೇಳಿಯೇಬಿಟ್ಟಳು: “ಊರಿಗಿ ಹೋದ ಮ್ಯಾಲೂ ಹಿಂಗ ಮಾತಾಡ್ತೀರೇನ್ರಿ?”

“ಹುಚ್ಚಿ, ಅಲ್ಲಿ ನಮ್ಮವ್ವ ಇರ್ತಾಳಲ್ಲ! ಹೆಂಡತಿ ಮುಂದ ಕುಂತಾನಂತ ಓಣಿಗೆಲ್ಲಾ ಡಂಗುರಾ ಹೊಡಿತಾಳ.”

ಅಕ್ಕವ್ವ ಮುಖವನ್ನು ಆಚೆಗೆ ತಿರುಗಿಸಿದಳು. ರಾವಸಾಹೇಬ ಫೋನಿನ ತಂತಿಯನ್ನು ಎಳೆದುಕೊಂಡು ಆ ಬದಿಗೇ ಬಂದು ನಿಂತ.

“ಏ, ಇಲ್ನೋಡ. ಇನ್ಮ್ಯಾಲ ತೋಟಕ್ಕ ಬುತ್ತಿ ಆಳಿನ ಕೈಯಾಗ ಕಳಸಬ್ಯಾಡ. ನೀನ ತಗೊಂಡ ಬಾ. ಕಾಲು ನೆಟ್ಟಗಾತಲ್ಲ?”

“ಬರ್ತೀನ್ರಿ. ಅಲ್ಲೂ ಬರೇ ಎಮ್ಮಿ ಸುದ್ದಿ ಹೇಳೀರಿ ಮತ್ತ!”

ಅವನು ನಕ್ಕ. ಅಷ್ಟರಲ್ಲಿ ಒತ್ತಡ ಇಳಿಸುವ ಸದ್ದು ಶುರುವಾಯಿತು. ಬಾಗಿಲು ಇನ್ನೂ ಸ್ವಲ್ಪ ತಡವಾಗಿಯೇ ತೆರೆಯಲಿ ಎಂದು ಅಕ್ಕವ್ವ ಆಸೆಪಟ್ಟಳು.