ಇನ್ನೊಮ್ಮೆ ಒತ್ತವ್ವ

ಹೊಳೆದಂಡೆಯಲ್ಲಿ ಒಂದು ಊರು. ಹೆಸರು ಬೇಡ ಬಿಡಿ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ನನಗೋ ಜಗಳಾಡುವ ತ್ರಾಣ ಉಳಿದಿಲ್ಲ. ಹೊಳೆ ಉಕ್ಕಿದರೆ ಜನರನ್ನು ಎಚ್ಚರಿಸಲು ಅಲ್ಲಿ ಓಣಿಗೊಂದು ಸೈರನ್ ಇತ್ತು. ಕೂಗಿದರೆ ಅರ್ಧ ಊರಿಗೆ ಕೇಳಬೇಕು, ಅಂಥದ್ದು. ಅದರೊಳಗೆ ಕೂರಿಸುವ ಸರ್ಕ್ಯೂಟ್ ಬೋರ್ಡುಗಳನ್ನು ಊರಿನ ಕಾರ್ಖಾನೆಯಲ್ಲೇ ಮಾಡುತ್ತಿದ್ದರು.

ಬೋರ್ಡನ್ನು ಪರೀಕ್ಷಿಸಲು ಒಂದು ಮೇಜು. ಅದರ ಮೇಲೆ ಸಾಲಾಗಿ ನಿಂತ ಸೂಜಿಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಸ್ಪ್ರಿಂಗ್. ಬೋರ್ಡನ್ನು ಮೇಲಿಟ್ಟು ಹಿಡಿಕೆಯನ್ನು ಕೆಳಗೆಳೆದು ಒತ್ತಿದರೆ ಸೂಜಿಗಳು ತುಸು ಕುಗ್ಗಿ ಒಂದೊಂದು ಬೆಸುಗೆಯನ್ನೂ ಮುಟ್ಟಿ ನೋಡುತ್ತಿದ್ದವು. ಎಲ್ಲ ಕಡೆ ಕರೆಂಟು ಹರಿದರೆ ಹಸಿರು ದೀಪ, ಒಂದು ಕಡೆ ತಪ್ಪಿದರೂ ಕೆಂಪು. ಹಿಡಿಕೆ ಎಳೆಯುವವಳು ಸಾವಂತ್ರವ್ವ.

ಒಂದು ದಿನ ಅವಳ ಸ್ವಂತ ಓಣಿಯ ಸೈರನ್ನಿನ ಬೋರ್ಡೇ ಮೇಜಿಗೆ ಬಂತು. ಕೆಂಪು ದೀಪ ಹತ್ತಿತು.

"ಮೂಲೆಯ ಬೆಸುಗೆ ಬಿರುಕು ಬಿಟ್ಟೈತಿ," ಎಂದಿತು ಮೂಲೆಯ ಹಳೆಯ ಸೂಜಿ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಕೆಂಪು ಬಂದರೆ ಮತ್ತೆ ಒತ್ತಬೇಕು, ಹಸಿರು ಬರುವ ತನಕ ಒತ್ತಬೇಕು. ಹಸಿರು ಬಂದ ಮೇಲೆ ಮಾತ್ರ ಯಾರೂ ಮತ್ತೆ ಒತ್ತುತ್ತಿರಲಿಲ್ಲ. ಮೇಸ್ತ್ರಿ ಫಕೀರಪ್ಪ ಕೂತಲ್ಲಿಂದಲೇ ಕೂಗಿದ, "ಇನ್ನೊಮ್ಮೆ ಒತ್ತವ್ವ."

"ನಮ್ಮ ಓಣೀದ್ರಿ ಇದು. ಬ್ಯಾರೆ ಬೋರ್ಡ್ ಹಾಕೂಣ್ರಿ."

"ಗಾಡಿ ಬಂದು ನಿಂತೈತಿ. ಜೋರಾಗಿ ಒತ್ತು!"

ಅವಳು ಮೈಭಾರ ಬಿಟ್ಟು ಒತ್ತಿದಳು. ಒತ್ತಡಕ್ಕೆ ಬಿರುಕು ಕೂಡಿಕೊಂಡಿತು, ಕರೆಂಟು ಹರಿಯಿತು, ಹಸಿರು ಬಂತು. ಕೈ ಬಿಟ್ಟಳು. ಬಿರುಕು ಮತ್ತೆ ಬಾಯಿ ತೆರೆಯಿತು.

"ಸುಳ್ಳು ಹೇಳಿದೆಯಲ್ಲೋ," ಎಂದಿತು ಪಕ್ಕದ ಸೂಜಿ.

"ಎಲ್ಲಿ ಸುಳ್ಳು? ಒತ್ತಿ ಹಿಡಿದಷ್ಟು ಹೊತ್ತು ಕೂಡಿತ್ತು. ಕೇಳಿದ್ದು ಅಷ್ಟೇ, ಹೇಳಿದ್ದೂ ಅಷ್ಟೇ. ನನಗ ಸಾಕಾಗೈತಿ," ಎಂದಿತು ಹಳೆಯದು.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹೊಳೆ ಓಣಿಗೆ ನುಗ್ಗಿತು. ಸೈರನ್ ಕೂಗಲಿಲ್ಲ. ಸಾವಂತ್ರವ್ವ ಆಗ ಕಾರ್ಖಾನೆಯಲ್ಲಿ ಹಿಡಿಕೆ ಎಳೆಯುತ್ತಿದ್ದಳು. ಮನೆಯಲ್ಲಿ ಉಂಡು ಮಲಗಿದ್ದ ಅವಳ ಅಕ್ಕ ಏಳಲೇ ಇಲ್ಲ. ಅಯ್ಯೋ, ಸಾವಂತ್ರವ್ವ ಅತ್ತದ್ದನ್ನು ಹೇಳುವ ಶಕ್ತಿ ನನಗಿಲ್ಲ.

ವಿಚಾರಣೆಗೆ ಪಟ್ಟಣದಿಂದ ಸಾಹೇಬರು ಬಂದರು. ಸೈರನ್ನಿನಿಂದ ಬೋರ್ಡನ್ನು ಕಿತ್ತು ತಂದು ಅದೇ ಮೇಜಿನ ಮೇಲೆ ಇಟ್ಟರು. ಕೆಂಪು ಬಂತು. ಸಾಹೇಬರ ಹುಬ್ಬು ಮೇಲೇರಿತು.

"ಇನ್ನೊಮ್ಮೆ ಒತ್ತವ್ವ," ಎಂದ ಫಕೀರಪ್ಪ.

ಸಾವಂತ್ರವ್ವ ಹಿಡಿಕೆ ಮುಟ್ಟಲಿಲ್ಲ. ಅವನೇ ಬಗ್ಗಿ, ಹಲ್ಲು ಕಚ್ಚಿ ಒತ್ತಿದ. ಹಸಿರು ಬಂತು.

"ಬೋರ್ಡ್ ಸರಿಯಾಗಿಯೇ ಇದೆ," ಎಂದರು ಸಾಹೇಬರು. "ಹಾಗಾದರೆ ಕೆಟ್ಟಿರುವುದು ಜನರ ಕಿವಿ. ಒಬ್ಬೊಬ್ಬರನ್ನೇ ಕರೆಸಿ. ಮೊದಲು ಈಕೆ. ಏನಮ್ಮಾ, ಅವತ್ತು ಸೈರನ್ ಕೇಳಿಸಿತೇ?"

"ಕೂಗಿದ್ರ ಕೇಳಿಸ್ತಿತ್ರಿ. ಕೂಗಲೇ ಇಲ್ಲ."

ಫಕೀರಪ್ಪ ಅವಳ ಪಕ್ಕಕ್ಕೆ ಬಂದು ನಿಂತ. "ಆ ಬೋರ್ಡ್ ಒತ್ತಿ ಹಸಿರು ತಂದಾಕಿ ನೀನ. ಕೂಗಲಿಲ್ಲ ಅಂದ್ರ ನಿಮ್ಮಕ್ಕನ ಸಾವು ಯಾರ ತಲೀಗೆ ಬರ್ತೈತಿ, ನೋಡ್ಕೊ," ಎಂದು ಪಿಸುಗುಟ್ಟಿದ. ಆಮೇಲೆ ಗಟ್ಟಿಯಾಗಿ, "ಸಾಹೇಬ್ರ, ಇನ್ನೊಮ್ಮೆ ಕೇಳ್ರಿ," ಎಂದ.

ಸಾಹೇಬರು ಇನ್ನೊಮ್ಮೆ ಕೇಳಿದರು. ಮತ್ತೊಮ್ಮೆ ಕೇಳಿದರು, ಈ ಸಲ ತುಸು ಜೋರಾಗಿ.

"ಕೇಳಿಸ್ತ್ರಿ," ಎಂದಳು ಸಾವಂತ್ರವ್ವ.

ಮೇಜಿನ ಮೇಲಿನ ಹಳೆಯ ಸೂಜಿ ಅವಳ ಮುಖವನ್ನೇ ನೋಡುತ್ತಿತ್ತು. ಸಾಹೇಬರು ಸಮಾಧಾನದಿಂದ ತಲೆಯಾಡಿಸಿ ಮುಂದಿನವರನ್ನು ಕರೆಯಲು ಹೇಳಿದರು. ಹೊರಗೆ ಓಣಿಯವರೆಲ್ಲ ಸಾಲಾಗಿ ನಿಂತಿದ್ದರು.