ಹಗಲಿನ ನೀರು

ನೀರು ಚಿಮುಕಿಸಿದ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಚುಸ್ ಎಂದಾಗಲೆಲ್ಲ ಅವಳ ಕಣ್ಣಿಗೆ ಹೊಳೆ ಕಾಣುತ್ತಿತ್ತು. ತಗಡಿನ ಗೋಡೆ ಕರಗಿ, ಓಣಿ ತುಂಬ ತಿಳಿನೀರು ಹರಿದು, ಊರವರ ಅಂಗಿಗಳೆಲ್ಲ ತೋಳು ಬೀಸಿ ಈಜುತ್ತಿದ್ದವು. ಒಂದು ಅಂಗಿಯಂತೂ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಗತ್ತಿನಿಂದ ತೇಲುತ್ತಿತ್ತು. ಅಷ್ಟರಲ್ಲಿ ಗಂಟಲ ಪಸೆ ಆರಿ ಕನಸು ಮುಗಿಯುತ್ತಿತ್ತು.

ಮನೆಯಲ್ಲಿ ನೀರಿರಲಿಲ್ಲವೆಂದಲ್ಲ. ಓಣಿಗೆ ನಲ್ಲಿ ಬಂದು ಕೊಡ ತುಂಬಿಯೇ ಇರುತ್ತಿತ್ತು. ಆದರೆ ನೀರು ಕೊಟ್ಟ ಪುಣ್ಯಾತ್ಮರು ಅದು ಹೊರಗೆ ಹೋಗುವ ದಾರಿಯನ್ನು ಮರೆತಿದ್ದರು. ಕುಡಿದರೆ ಹೋಗಬೇಕಲ್ಲ! ಹೋಗುವುದಕ್ಕೆ ರೈಲುಹಳಿಯಾಚೆಯ ಪೊದೆ, ಅದೂ ಕತ್ತಲಾದ ಮೇಲೆ. ಹಾಗಾಗಿ ಹೆಂಗಸರು ಹಗಲೆಲ್ಲ ತುಟಿ ನೆನೆಸಿಕೊಂಡೇ ದಿನ ದೂಡುತ್ತಿದ್ದರು. ಅವಳಿಗೆ ಇದನ್ನು ಕಲಿಸಿದವಳು ಅತ್ತೆ. ಈಗ ಸೊಸೆಗೆ ಸೊಂಟದಲ್ಲಿ ನೋವು. "ಕಿಡ್ನಿ ಕೆಡ್ತಾ ಇದೆಯಮ್ಮ, ನೀರು ಕುಡೀರಿ," ಎಂದು ಡಾಕ್ಟರು ಗದರಿದ್ದರು.

ಕೊನೆಗೂ ಒಳಚರಂಡಿ ಪೈಪು ಬಾಗಿಲವರೆಗೆ ಬಂತು. ಇದ್ದ ಒಂದೇ ಕೋಣೆಯಲ್ಲಿ ಕಕ್ಕಸಿಗೆ ಜಾಗವೆಂದರೆ ಅತ್ತೆಯ ಮಂಚದ ಮೂಲೆ ಮಾತ್ರ. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅನ್ನ ಬೇಯೋ ಮನೇಲಿ ಅದನ್ನ ಕಟ್ತಾರಾ? ನಾನು ಸತ್ತ ಮೇಲೆ ಕಟ್ಕೊಳ್ಳಿ!"

ಸೊಸೆ ಮತ್ತೆ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು. ಮಾರನೆಯ ದಿನ ಗಾರೆ ಕೆಲಸದವನು ಕೊನೆಯ ಮಾತು ಕೇಳಲು ಬರುವವನಿದ್ದ. ಬೇಡವೆಂದರೆ ಪೈಪಿನ ಬಾಯಿ ಮುಚ್ಚಿ ಮುಂದಿನ ಓಣಿಗೆ ಹೋಗಿಬಿಡುತ್ತಿದ್ದ.

ಅಂದು ಮಧ್ಯಾಹ್ನ ಇಸ್ತ್ರಿ ಮೇಜಿಗೆ ತಲೆಯಿಟ್ಟವಳಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಅತ್ತೆ ಎದುರಿಗೇ ನಿಂತು ಅವಳ ಬಾಯನ್ನೇ ನೋಡುತ್ತಿದ್ದಳು.

"ನಿದ್ದೇಲಿ ಏನೇ ಗುಟುಕರಿಸ್ತಿದ್ದೆ?"

"ನೀರು, ಅತ್ತೆ. ಹೊಳೆಗೆ ಬಗ್ಗಿ ಕುಡೀತಿದ್ದೆ. ಎಷ್ಟು ಕುಡಿದ್ರೂ ಭಯಾನೇ ಆಗ್ಲಿಲ್ಲ."



"ನನಗೆ ಬೀಳೋ ಕನಸಲ್ಲಿ ಅದು ಬಾವಿ," ಎಂದಳು ಅತ್ತೆ. "ಕೊಡ ಎತ್ತಿ ಬಾಯಿಗೆ ಇಡೋ ಹೊತ್ತಿಗೆ ಎಚ್ಚರ ಆಗೋದು. ಒಂದ್ ಸಲಾನೂ ಕುಡಿಯೋಕಾಗ್ಲಿಲ್ಲ ಕಣೇ."

ಹಾಗೆಂದವಳೇ ಹಾಸಿಗೆ ಸುತ್ತಿಟ್ಟು, ಮಂಚದ ಕಾಲು ಹಿಡಿದು ಎಳೆಯತೊಡಗಿದಳು. ಸೊಸೆ ಓಡಿಹೋಗಿ ಇನ್ನೊಂದು ಕಾಲು ಹಿಡಿದಳು. ಮಂಚ ಒಲೆಯ ಪಕ್ಕಕ್ಕೆ ಬಂತು. ಮಲಗಿದರೆ ಅತ್ತೆಯ ಪಾದ ಇಸ್ತ್ರಿ ಮೇಜಿಗೆ ತಾಗುತ್ತಿತ್ತು.

ಗಾರೆ ಕೆಲಸದವನು ಕಕ್ಕಸು ಕಟ್ಟಿ ಮುಗಿಸಿ, ಬಾಗಿಲಿಗೆ ಚಿಲಕ ಜಡಿದು ಹೋದಾಗ ನೆತ್ತಿ ಸುಡುವ ಬಿಸಿಲು. ಸೊಸೆ ದೊಡ್ಡ ಲೋಟ ತುಂಬಿಸಿ ಅತ್ತೆಗೆ ಕೊಟ್ಟಳು. ಮುದುಕಿ ಎಂದಿನಂತೆ ತುಟಿ ನೆನೆಸಿ ಕೆಳಗಿಡಹೋದಳು.

"ಪೂರ್ತಿ ಕುಡೀರಿ, ಅತ್ತೆ."

ಅತ್ತೆ ಕುಡಿದಳು. ಗಟಗಟನೆ, ಗದ್ದದಿಂದ ಎದೆಗೆ ಸುರಿಯುವಂತೆ ಕುಡಿದಳು. ಆಮೇಲೆ ತಾನೇ ಎದ್ದು ಕೊಡದಿಂದ ಇನ್ನೊಂದು ಲೋಟ ತುಂಬಿಸಿ ಸೊಸೆಯ ಬಾಯಿಗೆ ಹಿಡಿದಳು.

"ಕುಡೀಬೇಡ ಅಂತ ಕಲಿಸಿದವಳು ನಾನು ಕಣೇ," ಎಂದು ಅತ್ತುಬಿಟ್ಟಳು. "ಕುಡಿ."